ಐದನೇ ಜೇಬು

ಪ್ಯಾಂಟಿಗೆ ಐದು ಜೇಬು.
ನಾಲ್ಕರ ಕೆಲಸ ಎಲ್ಲರಿಗೂ ಗೊತ್ತು.
ಬಲಜೇಬಿನ ಮಡಿಲಲ್ಲಿ ಕೂತ ಆ ಪುಟ್ಟದ್ದು
ಯಾತಕ್ಕೆ ಅಂತ ಮಾಸ್ತರ ಖಾಜಾಹುಸೇನರಿಗೂ ತಿಳಿಯದು.
ಹೊಲಿಯುವುದು ನಾನು. ಒಂದಕ್ಕೆ ಎಂಬತ್ತು ಪೈಸೆ.

ಕೌಲ್ ಬಜಾರಿನ ತಗಡಿನ ಶೆಡ್ಡು,
ಇಪ್ಪತ್ತೆರಡು ಮಿಷನ್ನು, ಮೂರು ಫ್ಯಾನು,
ಉಗುರಿನ ಸಂದಿಯಲ್ಲಿ ನೀಲಿ ಧೂಳು.
ನನ್ನ ಲೆಕ್ಕ ಬೇರೆ:
ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿ,
ಅಂದರೆ ಇಪ್ಪತ್ತೈದು ಜೇಬು.
ಒಂದು ಹನಿ ರಕ್ತ ಮಾತಾಡಬೇಕೆಂದರೆ
ಗುರುತಿಲ್ಲದ ಇಪ್ಪತ್ತೈದು ಸೊಂಟಗಳಿಗೆ
ನಾನು ಜೇಬಿಟ್ಟಿರಬೇಕು.
ದಿನಕ್ಕೆ ನಾಲ್ಕು ಸಲ ನೋಡು ಎಂದಿದ್ದಾರೆ ಡಾಕ್ಟರು.
ನಾನು ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ,
ಮತ್ತೆ ಮಿಷನ್ನಿನ ಸೂಜಿ ಬೆರಳಿಗೆ ನಾಟಿದ ದಿನ.
ಬಂದ ರಕ್ತ ಯಾಕೆ ಕೆಡಿಸಲಿ ಅಂತ
ಓಡಿ ಚೀಲದಿಂದ ಮೀಟರು ತೆಗೆಯುತ್ತೇನೆ.
ಪಕ್ಕದ ನಸೀಮಾ ನಗುತ್ತಾಳೆ:
"ಹುಲಿಗಿ, ನೀ ಗಾಯಾನೂ ದಂಡ ಮಾಡಂಗಿಲ್ಲ ನೋಡು!"

ಮನೆಯಲ್ಲಿ ಫ್ರಿಜ್ಜಿಲ್ಲ.
ಮಡಕೆಯೊಳಗೊಂದು ಮಡಕೆ, ನಡುವೆ ಒದ್ದೆ ಮರಳು,
ಅಲ್ಲಿ ಇನ್ಸುಲಿನ್ ಮಲಗಿರುತ್ತದೆ.
ಏಪ್ರಿಲಿನಲ್ಲಿ ಕೋಟೆಗುಡ್ಡದ ಬಂಡೆ
ರಾತ್ರಿ ಹನ್ನೊಂದಕ್ಕೂ ಬಿಸಿ ಉಸಿರು ಬಿಡುವಾಗ
ಎರಡು ಸಲ ಎದ್ದು ಮರಳಿಗೆ ನೀರು ಚಿಮುಕಿಸುತ್ತೇನೆ,
ತೊಟ್ಟಿಲ ಕೂಸಿಗೆ ಎದ್ದಂತೆ.
ಅವ್ವ ಮಗ್ಗುಲು ಬದಲಿಸುತ್ತಾಳೆ. ನಿದ್ದೆಯಲ್ಲಲ್ಲ.

ಕರೆಂಟು ಹೋದ ವಾರ ಕೂಲಿಯಿಲ್ಲ;
ಹದಿನಾಲ್ಕು ಯೂನಿಟ್ಟು ಹತ್ತಾಗುತ್ತದೆ,
ಹತ್ತು, ಎಂಟು.
ಬಾಯಿ ಆರುತ್ತದೆ. ಒಂದು ದಾರ ಎರಡಾಗುತ್ತದೆ.
"ಇಪ್ಪತ್ತಮೂರಕ್ಕೇ ಸಕ್ಕರೆ ಕಾಯಿಲೆ? ಸಿಹಿ ಭಾಳ ತಿಂತಿದ್ದೇನು?"
ನಮ್ಮಲ್ಲಿ ಸಕ್ಕರೆ
ಯುಗಾದಿಗೆ ಬಂದು ಸಂಜೆಗೇ ಹೊರಡುವ ನೆಂಟ.

ದೊಡ್ಡಾಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ
ತಿಂಗಳ ಪುಸ್ತಕ ಒಂದೇ ಸಲಕ್ಕೆ ಕೂತು ತುಂಬುತ್ತಿದ್ದೆ:
ನೂರಾಹತ್ತು, ನೂರಾಮೂವತ್ತು,
ನಂಬಲೆಂದು ನಡುವೆ ಒಂದು ನೂರಾತೊಂಬತ್ತು.
ಸಿಸ್ಟರ್ ಎಸ್ತೇರಮ್ಮ ಹಾಳೆ ತಿರುವಿ, ಬೆಳಕಿಗೆ ಹಿಡಿದು,
"ಮೂವತ್ತು ದಿನಕ್ಕೂ ಒಂದೇ ಪೆನ್ನೇನವ್ವಾ?" ಎಂದರು.
ನಾನು ಉಗುರಿನ ನೀಲಿ ಕೆರೆಯುತ್ತ ಕೂತೆ.
ಬೈಯಲಿಲ್ಲ. "ನೋಡದ ದಿನ ಖಾಲಿ ಬಿಡು.
ಖಾಲಿ ತೋರಿಸಿ ಎಲ್ಲಾದರೂ ನಾಲ್ಕು ಸ್ಟ್ರಿಪ್ಪು ಕೇಳಬಹುದು.
ನೂರಾಹತ್ತಕ್ಕೆ ಯಾರು ಕೊಡ್ತಾರೆ?"

ಈ ತಿಂಗಳು ಒಂಬತ್ತು ಅಂಕಿ.
ಮಿಕ್ಕ ಮನೆಗಳೆಲ್ಲ ಬೆಳ್ಳಗೆ.

ಹೇಳಲು ಮರೆತೆ:
ಕತ್ತರಿಸಿ ಬಿದ್ದ ಚಿಂದಿಯಿಂದ
ಚೂಡಿಯ ಒಳಮಗ್ಗುಲಿಗೆ ಒಂದು ಐದನೇ ಜೇಬು ಹೊಲಿದುಕೊಂಡಿದ್ದೇನೆ.
ಕಾಗದ ಸುತ್ತಿದ ಎರಡು ತುಣುಕು ಬೆಲ್ಲ ಅದರಲ್ಲಿ.
ಮೊನ್ನೆ ಕೈ ನಡುಗಿ ಬೆವರೊಡೆದಾಗ ಒಂದು ಹೋಯಿತು.
ಇನ್ನೊಂದಕ್ಕೆ ನಿನ್ನೆ ಇರುವೆ ಮುತ್ತಿದ್ದವು.
ಕೊಡವಿ, ಮತ್ತೆ ಒಳಗಿಟ್ಟೆ.