ಅಂಟು ಹಿಡಿಯುವ ಹೊತ್ತು

ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ, ಥಂಡರ್ ಬೇ.
ಗ್ಯಾರೇಜಿನಲ್ಲಿ ಇಕ್ಕಳ ಮುಟ್ಟಿದರೆ
ಬೆರಳ ತೊಗಲು ಅದರ ಪಾಲು.

ಎಣ್ಣೆ ಡ್ರಮ್ಮು ಕೊಯ್ದು ಮಾಡಿದ ಒಲೆಗೆ
ವೈಕ್ಕೊ ಬರ್ಚ್ ಸೌದೆ ತುರುಕುತ್ತಾನೆ.
ಮೊದಲ ಗಂಟೆಯ ಬಿಸಿಯೆಲ್ಲ ಸೂರಿಗೆ,
ಅಲ್ಲಿನ ಜೇಡಕ್ಕೆ; ಕಾಲಿಗೆ ಚೂರೂ ಇಲ್ಲ.
ಅಂಟಿನ ಬಾಟಲಿಗೆ ಅಂಗಿಯೊಳಗೆ
ಕಂಕುಳ ಕಾವು.

ಮುರಿದದ್ದು ಕುರ್ಚಿಯ ಕಾಲು.
ಮುರಿದವರು ಯಾರು ಅನ್ನುವುದಕ್ಕೆ
ಮನೆಯಲ್ಲಿ ಮಾತು ನಿಂತು ಹನ್ನೊಂದು ದಿನ.

ಬಿಗಿದು ಕಟ್ಟಿದ ಆ ಕಾಲಿನ ಮಗ್ಗುಲಲ್ಲಿ
ಬಾಣಂತಿ ಕಾಯುವಂತೆ ಕೂತಿದ್ದಾನೆ:
ಬೆಂಕಿ ನಂದಿದರೆ ಅಂಟು ಹಿಡಿಯದು.

ನಡುರಾತ್ರಿ ಬಾಗಿಲು ಕಿರ್ರೆಂದಿತು.
ಹೊಸ್ತಿಲಲ್ಲಿ ಇರ್ಯಾ, ಎರಡು ಲೋಟ ಕಾಫಿ,
ಬೆನ್ನ ಹಿಂದೆ ಅಷ್ಟೂ ಚಳಿಗಾಲ.

"ಬಾಗಿಲು ಹಾಕೇ," ಎಂದ,
"ಬಿಸಿ ಹೋಗುತ್ತೆ."

ಹಾಕಿದಳು. ಒಳಗಿನಿಂದ.