ಶೇಷ

ಅಕ್ಕ ಹೊಳೆ ದಾಟಿದಳು, ನಾನು ದಾಟಲಿಲ್ಲ.
ಹೊಳೆಯೆಂದರೆ ಎಂಥ ಹೊಳೆ, ಮಾರ್ಚಿ ತಿಂಗಳು,
ಮರಳು, ಹರಳು, ಸತ್ತು ಬಿದ್ದ ಒಂದು ಕತ್ತೆ.
ಬಂದೂಕಿನವರು ಊರಿಗೆ ಕೊಳ್ಳಿಯಿಟ್ಟ ರಾತ್ರಿ
ಇಬ್ಬರೂ ಕಾಲಿಗೆ ಬುದ್ಧಿ ಹೇಳಿದೆವು.
ದಂಡೆಯಲ್ಲಿ ಅತ್ತೆ ಕುಸಿದರು. ನಾನು ನಿಂತೆ.

ಅಷ್ಟೇ. ಮೂವತ್ತು ಹೆಜ್ಜೆ.

ಆಚೆ ಕ್ಯಾಮರೂನು. ಫಲ್ತಾಳಿಗೆ ಅಲ್ಲೊಂದು ಚೀಟಿ ಸಿಕ್ಕಿತು,
ಫೋಟೊ, ಮೊಹರು, ನಿರಾಶ್ರಿತೆ ಎಂಬ ಹೆಸರು.
ಈಚೆ ನಾನು, ನನ್ನದೇ ದೇಶದಲ್ಲಿ,
ನಾಲ್ಕು ಊರು, ಎರಡು ಮಸೀದಿಯ ಜಗಲಿ, ಸಂತೆಮಾಳದ ಕಟ್ಟೆ,
ಕೊನೆಗೆ ಮೈದುಗುರಿಯ ಈ ಶಾಲೆ,
ಐದನೇ ತರಗತಿಯ ಕೋಣೆ, ಹದಿನೇಳು ಸಂಸಾರ.
'ಗಡಿ ದಾಟಿದ್ದೀಯಾ?' ಬಂದವರೆಲ್ಲ ಕೇಳಿದರು.
ಹೊಸ್ತಿಲು ದಾಟಿದೆನಲ್ಲ, ಅದು ಲೆಕ್ಕಕ್ಕಿಲ್ಲವೇ?

ಕರಿಹಲಗೆಯ ಮೇಲೆ ಯಾವುದೋ ಮಗುವಿನ ಭಾಗಾಕಾರ.
ಏಳು ವರ್ಷದಿಂದ ಯಾರೂ ಅಳಿಸಿಲ್ಲ.
ಉತ್ತರ ಹನ್ನೆರಡು, ಶೇಷ ಐದು.
ಶೇಷವನ್ನು ಏನು ಮಾಡಬೇಕೆಂದು ಬರೆದಿಲ್ಲ.

ಗುರುವಾರ ವಕೀಲೆ ಲರಾಬಾ ಬಂದಳು, ಕಂಕುಳಲ್ಲಿ ಕಾಗದದ ಕಟ್ಟು.
ಕಂಪಾಲಾದಲ್ಲಿ, ಎಂದಳು, ಆಫ್ರಿಕದ ದೊರೆಗಳು ಕೂತು ಒಪ್ಪಿದ ಮಾತಿದು:
ಗಡಿ ದಾಟದೆ ಓಡಿದವರಿಗೂ ಹೆಸರಿದೆ, ಹಕ್ಕಿದೆ,
ಮೊದಲು ಕಾಯಬೇಕಾದ್ದು ಅವರವರ ಸರ್ಕಾರವೇ.
'ಹಾಲಿಗೆ ಬೆಕ್ಕಿನ ಕಾವಲು' ಅಂದ ಮುದುಕ ಕಚಲ್ಲಾ.
ಲರಾಬಾ ನಗಲಿಲ್ಲ. ಅಲ್ಲವೆನ್ನಲೂ ಇಲ್ಲ.
ಓದುತ್ತ ಹೋದಳು. ನಾನು ಅರ್ಧ ಕೇಳುತ್ತ
ಅಲಸಂದೆಯಲ್ಲಿ ಕಲ್ಲು ಆರಿಸುತ್ತಿದ್ದೆ,
ಒಂದು ಪದಕ್ಕೆ ಕೈ ನಿಂತಿತು.
'ಇನ್ನೊಮ್ಮೆ ಓದವ್ವಾ.'
'ಸ್ವಇಚ್ಛೆಯಿಂದ, ಕೆಲ್ಲು. ಮರಳುವುದಾದರೆ ಸ್ವಇಚ್ಛೆಯಿಂದ.'

ನಲವತ್ತು ವರ್ಷದಲ್ಲಿ ನನ್ನ ಇಚ್ಛೆಯನ್ನು
ಕಾಗದಕ್ಕೆ ಇಳಿಸಿದವರಿರಲಿಲ್ಲ, ಮದುವೆಯ ದಿನವೂ.
ಹಲಗೆಗೆ ಬರೆಸಿದೆ ಅದನ್ನು, ಶೇಷದ ಕೆಳಗೆ.

ಸೋಮವಾರ ಲಾರಿಗಳು ಬಂದವು.
ಶಿಬಿರ ಮುಚ್ಚಿದೆ, ಊರಲ್ಲಿ ಶಾಂತಿಯಿದೆ,
ಮನೆಗೊಂದು ಚೀಲ ಜೋಳ, ಹತ್ತಿ.
ಬಾವಿಯೊಳಗೆ ಏನಿದೆಯೆಂದು ಯಾರೂ ಹೇಳಲಿಲ್ಲ.
ಅಧಿಕಾರಿ ಒಳಬಂದ, ಹಲಗೆ ಓದಿದ,
ತುಟಿ ಅಲುಗಿತು, ನಮಾಜಿನಲ್ಲಿ ಅಲುಗುವ ಹಾಗೆ.
ಆಮೇಲೆ ಅಂಗಿಯ ತೋಳಿನಿಂದ ಪದವನ್ನು ಒರೆಸಿದ.
ಲೆಕ್ಕ ಹಾಗೇ ಉಳಿಯಿತು.
ಸುಣ್ಣದ ಪುಡಿ ಹತ್ತಿಸಿಕೊಂಡೇ ಹೊರಗೆ ಹೋದ.

ಹನ್ನೊಂದು ಸಂಸಾರ ಹತ್ತಿದವು.
ನಾನು ಮೊರ ಹಿಡಿದು ಕೂತೇ ಇದ್ದೆ.
ಕಾಲು ನಡುಗುತ್ತಿತ್ತು, ಕಾಳು ಎಗರುತ್ತಿತ್ತು.

ರಾತ್ರಿ ಫಲ್ತಾಳ ಫೋನು.
ಹೊಳೆಗೆ ಈ ವರ್ಷ ನೀರು ಬಂದಿದೆಯಂತೆ,
ಎದೆಮಟ್ಟ.