ತೆಗೀರಿ

ಕೊಲ್ಹಾರದ ಪುಲ್ಲಿನ ಮೇಲೆ ಸ್ಕೂಟರ್ ನಿಲ್ಲಿಸಿದಾಗ
ಆರೂವರೆ. ಹಿನ್ನೀರಿಗೆ ಇನ್ನೂ ಬಣ್ಣ ಬಂದಿರಲಿಲ್ಲ.
ಡಿಕ್ಕಿಯಲ್ಲಿ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ,
ಮನೆಗೆಂದು ಆಗಲೇ ಕೊಂಡಿಟ್ಟ ಮೊಸರಿನ ಗಡಿಗೆ.
"ನೋಡೋ ಸಿದ್ರಾಮ," ಅಂದ ಖಾಜೇಸಾಬ,
"ಯಾರೋ ಅರಳಿ ಹಿಂಜಿ ನೀರಾಗ ಒಗದಾರ."
ಗಾದಿ ಹೊಲಿಯುವವನ ಕಣ್ಣು ಅದು.
ನನ್ನದು ಕತ್ತರಿಯವನ ಕಣ್ಣು:
ನನಗೆ ಮೊದಲು ಕಂಡದ್ದು ಕುತ್ತಿಗೆ,
ನೂರಾರು ರಾಜಹಂಸದ ಕುತ್ತಿಗೆ,
ಕುರ್ಚಿಯಲ್ಲಿ ಕೂತವರು ಬಗ್ಗಿಸಿದ ಹಾಗೆ.

ಕ್ಯಾಮೆರಾ ಅವನದು.
ಹುಬ್ಬಳ್ಳಿಯ ಮದುವೆ ಫೋಟೋದವನಿಂದ
ಹದಿನೆಂಟು ಕಂತಿನಲ್ಲಿ ಬಿಡಿಸಿಕೊಂಡದ್ದು.
ಲೆನ್ಸಿನ ಒಳಗೆ ಚೂರು ಬೂಷ್ಟು,
ಬೆಳಕು ಜಾಸ್ತಿಯಾದರೆ ಮಾತ್ರ ಕಾಣುತ್ತದೆ.
ನನ್ನ ಅಂಗಡಿಗೆ ಮಂಗಳವಾರ ರಜೆ,
ಅವನದಕ್ಕೆ ಶುಕ್ರವಾರ ಮಧ್ಯಾಹ್ನ ಅಷ್ಟೇ.
ಆದರೂ ನನಗಾಗಿ ಮಂಗಳವಾರ ಕದ ಎಳೆಯುತ್ತಿದ್ದ.

ಜೀಪು ಬಂದಾಗ ನಾನು ತೆಗೆಯುತ್ತಿದ್ದೆ.
"ಏನ್ ಹೊಡ್ಯಾಕತ್ತೀರಿ?"
"ಹಕ್ಕಿರಿ," ಅಂದೆ.
ಅಂದ ಮೇಲೆ ಹೊಳೆಯಿತು, ಕೇಳುವವರಿಗೆ ಅದು ಹೇಗೆ ಕೇಳಿತೆಂದು.
ಆ ಕಡೆ ಡ್ಯಾಮು, ಕಾಲ ಕೆಳಗೆ ಪುಲ್ಲು,
ನಡುವೆ ಮೊಳದುದ್ದದ ನನ್ನ ಲೆನ್ಸು.
"ಮ್ಯಾಲಿಂದ ಆರ್ಡರ್ ಐತಿ," ಎಂದರು,
ಮೇಲೆ ನೋಡಿದರೆ ಹಕ್ಕಿಗಳಷ್ಟೇ.

ಹೆಸರು?
ಸಿದ್ರಾಮ ಹಡಪದ.
ಹೆಸರು?
ಖಾಜೇಸಾಬ ನದಾಫ.

ಪೆನ್ನು ನಿಂತಿತು.
ಆಮೇಲಿನ ಪ್ರಶ್ನೆಯೆಲ್ಲ ಅವನ ಕಡೆಗೇ.
ಕ್ಯಾಮೆರಾ ಮಾತ್ರ ನನ್ನ ಕೊರಳಲ್ಲೇ ತೂಗುತ್ತಿತ್ತು.
"ಇದ್ಯಾರದು?"
"ಅವಂದು," ಅಂದೆ.
ಸುಳ್ಳಲ್ಲ.
ನಿಜ ಹೇಳಿ ಇಷ್ಟು ಸಣ್ಣವನಾದದ್ದು ಅದೇ ಮೊದಲು.

ಠಾಣೆಯ ಬೆಂಚು. ನಾಲ್ಕು ಗಂಟೆಯ ತನಕ.
"ಎಲ್ಲೆಲ್ಲಿ ಅಡ್ಡಾಡೀದಿ? ಹೊರದೇಶಕ್ಕ?"
"ಮಿರಜಕ್ಕ ಹೋಗಿದ್ದೆರಿ, ಮಾವನ ಕಣ್ಣಿನ ಆಪರೇಷನ್ನಿಗೆ."
ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ.
ನನಗೆ, "ನೀವ್ ಹೋಗ್ರಿ ಬೇಕಾದ್ರ."
ಹೋಗಲಿಲ್ಲ ನಾನು. ಒಳಗೂ ಹೋಗಲಿಲ್ಲ.
ಬೇವಿನ ನೆರಳಿನಲ್ಲಿ ಸ್ಕೂಟರಿನ ಮೇಲೆ ಕೂತು
ಡಿಕ್ಕಿಯೊಳಗೆ ಮೊಸರು ಹುಳಿಯಾಗುವುದನ್ನು ಮೂಸುತ್ತಿದ್ದೆ.

ಕೊನೆಗೆ ಕರೆದರು. "ಎಲ್ಲಾ ತೆಗೀರಿ."
ನಮ್ಮ ಮಾತಿನಲ್ಲಿ ಫೋಟೋ ತೆಗೆಯುವುದೆಂದರೆ
ಹಿಡಿದಿಡುವುದೂ ಹೌದು, ಇಲ್ಲದಂತೆ ಮಾಡುವುದೂ ಹೌದು.
ಇಪ್ಪತ್ತು ವರ್ಷ ಆ ಮಾತಾಡಿ ಗೊತ್ತಾಗಿರಲಿಲ್ಲ.
ಒಂದೊಂದೇ ತೆಗೆದ ಖಾಜೇಸಾಬ, ಬೆರಳು ನಡುಗದ ಹಾಗೆ,
ಗಾದಿಯ ಹಳೆಯ ಹೊಲಿಗೆ ಬಿಚ್ಚುವಾಗಿನ ನಿಧಾನದಲ್ಲಿ.
ಕಡೆಯದು ನಾನು ತೆಗೆದದ್ದು:
ಹಕ್ಕಿಯ ಕಡೆ ಕೈ ಚಾಚಿ ನಿಂತ ಅವನು,
ಬಾಯಿ ತೆರೆದಿದೆ, ಕ್ರಾಪು ಹಾರಿದೆ,
ಆ ಕ್ರಾಪು ನಾನೇ ಕತ್ತರಿಸಿದ್ದು.
"ಅದನ್ನೂ," ಎಂದರು.

ಹೊಳೆಯ ಕಡೆ ಬರುವುದಿಲ್ಲ, ಊರು ಬಿಡುವಾಗ ತಿಳಿಸುತ್ತೇನೆ
ಎಂದು ಬರೆದು ಸಹಿ ಹಾಕಿದ.
ನನ್ನ ಸಹಿ ಕೇಳಲಿಲ್ಲ.

ಈಗ ಕ್ಯಾಮೆರಾ ಅಂಗಡಿಯ ಗೂಟದಲ್ಲಿ,
ಲೆನ್ಸಿಗೆ ಹೊಸ ಅರಳೆ ಸುತ್ತಿದ್ದಾನೆ.
ಮಂಗಳವಾರವೂ ಕದ ತೆಗೆದೇ ಇರುತ್ತದೆ.
"ಹೋಗಿ ನೋಡಿ ಬಾರೋ," ಅಂದ ಮೊನ್ನೆ,
"ಇನ್ನೂ ಅದಾವೇನು, ಹ್ವಾದ್ವೇನು."

ಹೋದೆ. ಬರಿಗೈಯಲ್ಲಿ ಪುಲ್ಲಿನ ಮೇಲೆ ನಿಂತು ಎಣಿಸಿದೆ.
ಅದೇ ಜೀಪು ಬಂತು. ಗುರುತು ಹಿಡಿದರು.
ನಕ್ಕು ಕೈ ಎತ್ತಿದರು.
ನಾನೂ ಎತ್ತಿದೆ.

ಎರಡು ನೂರಾ ಹನ್ನೊಂದು, ಅಂತ ಹೇಳಿದೆ ಖಾಜೇಸಾಬನಿಗೆ.
ಉಳಿದದ್ದನ್ನು ಹೇಳಲಿಲ್ಲ.